ಮಾವ ಬಾಯಿ ತೆರೆದಿದ್ದರು

ಆಸ್ಪತ್ರೆ ಕ್ವಾರ್ಟರ್ಸ್, ಮಹಡಿ ಮನೆ
ತಾರೀಕು ಹದಿನಾಲ್ಕು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಹೇಗಿದ್ದೀರಿ? ಮಂಡಿನೋವು ಎಲ್ಲಿಗೆ ಬಂತು? ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹೇಳಿಕೊಟ್ಟಿದ್ದೆ. ಹಾಗೆ ಮಾಡುತ್ತಿದ್ದೀರೋ, ಇಲ್ಲ ಎಂದಿನಂತೆ ದಡದಡನೆ ಇಳಿದು ಆಮೇಲೆ ಎಣ್ಣೆ ತಿಕ್ಕಿಕೊಂಡು ನರಳುತ್ತಿದ್ದೀರೋ? ನಿಮ್ಮ ಯಜಮಾನರ ಕೆಮ್ಮು ನಿಂತಿತೇ? ಮಗಳ ಪರೀಕ್ಷೆ ಮುಗಿಯಿತೇ, ಅಥವಾ ಮಗಳಿಗಿಂತ ಹೆಚ್ಚಾಗಿ ನೀವೇ ಇನ್ನೂ ಓದುತ್ತಿದ್ದೀರೋ? ನಾವಿಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಪೆನ್ನು ತನ್ನಷ್ಟಕ್ಕೆ ಹೊರಟಿತ್ತು, ಹಿಡಿದು ನಿಲ್ಲಿಸಿದೆ. ಮಾವ ಕ್ಷೇಮ. ಕಾಲಿನ ಊತ ಇಳಿದಿದೆ, ಜ್ವರ ಬಿಟ್ಟಿದೆ, ಆಸ್ಪತ್ರೆಯ ಬ್ರೆಡ್ಡನ್ನು ಬೈಯುತ್ತಲೇ ಪೂರ್ತಿ ತಿನ್ನುತ್ತಿದ್ದಾರೆ. ಕ್ಷೇಮವಿಲ್ಲದವಳು ನಾನು.

ಫೋನಿರುವಾಗ ಕಾಗದವೇಕೆ ಎಂದು ನೀವು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತದೆ. ಬೇಸರ ಮಾಡಿಕೊಳ್ಳಬೇಡಿ ಅತ್ತಿಗೆ, ನೀವು ಫೋನಿನಲ್ಲಿ ಮಾತಿಗೆ ಕೂತರೆ ನಡುವೆ ಸೂಜಿ ತೂರಿಸಲೂ ಜಾಗವಿರುವುದಿಲ್ಲ. ಸೂಜಿ ಚುಚ್ಚುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನಗೂ ಅದು ಸಾಧ್ಯವಾಗಿಲ್ಲ. ಈ ವಾರ ಹೇಳಬೇಕೆಂದು ಹೊರಟಾಗಲೆಲ್ಲ ನೀವು ಒಂದೋ ಅಪ್ಪನನ್ನು ಬೈಯುತ್ತಿದ್ದಿರಿ, ಇಲ್ಲವೇ ನನ್ನನ್ನು ಹೊಗಳುತ್ತಿದ್ದಿರಿ. ನಿನ್ನೆ ಮಾತ್ರ ಒಮ್ಮೆ ಸುಮ್ಮನಾಗಿ, "ಏನೋ ಹೇಳ್ಬೇಕು ಅಂತಿದ್ಯಲ್ಲ, ಹೇಳು" ಎಂದಿರಿ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ ಎಂದು ಏನೋ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಕಾಗದ. ಓದುವವರ ದನಿ ಇದರಲ್ಲಿ ಕೇಳಿಸುವುದಿಲ್ಲ.

ಹೊಸದಾಗಿ ಸೇರುವ ನರ್ಸುಗಳಿಗೆ ನಮ್ಮಲ್ಲಿ ಪಾಠ ಹೇಳುವವಳು ನಾನೇ ಎಂಬುದು ನಿಮಗೆ ಗೊತ್ತು. ನಿಮ್ಮ ನೆಂಟರಿಷ್ಟರಿಗೆಲ್ಲ ನೀವೇ ಅದನ್ನು ಸಾರಿದ್ದೀರಿ. ಅದರಲ್ಲೂ ಆಂಟಿಬಯಾಟಿಕ್ ಪಾಠವನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಬಾಟಲಿ ನೇತುಹಾಕಿ ಬಂದರೆ ಕೆಲಸ ಮುಗಿಯಲಿಲ್ಲ ಕಣ್ರೇ ಎಂದು ಶುರು ಮಾಡುತ್ತೇನೆ. ಮೊದಲ ಡೋಸಿಗೆ ಮುಂಚೆ ರಕ್ತದ ಸ್ಯಾಂಪಲ್ ಲ್ಯಾಬಿಗೆ ಹೋಗಿದೆಯೇ ನೋಡಿ, ಔಷಧಿ ಒಳಗೆ ಹೋದ ಮೇಲೆ ತೆಗೆದರೆ ಕ್ರಿಮಿ ಯಾವುದೆಂದು ಹಿಡಿಯುವುದು ಕಷ್ಟ. ಪುಡಿಯನ್ನು ಪೂರ್ತಿ ಕರಗಿಸಿ. ನಿಧಾನವಾಗಿ ಬಿಡಿ, ನಿಮ್ಮ ಶಿಫ್ಟು ಮುಗಿಯಿತೆಂದು ರೋಗಿಯ ನರ ಓಡಬೇಕಾಗಿಲ್ಲ. ಹೊತ್ತು ತಪ್ಪಿಸಬೇಡಿ. ಜ್ವರ ಇಳಿಯಿತೆಂದು ಮನೆಯಲ್ಲಿ ಮಾತ್ರೆ ನಿಲ್ಲಿಸುವವರೇ ಹೆಚ್ಚು, ಕಳಿಸುವ ಮುಂಚೆ ಕೂರಿಸಿಕೊಂಡು ಹೇಳಿ. ಮೊದಲ ಡೋಸು ಹೋಗುವಾಗ ಹಾಸಿಗೆಯ ಪಕ್ಕದಿಂದ ಕದಲಬೇಡಿ. ಇವೆಲ್ಲಕ್ಕೂ ಮೊದಲು, ಕೇಳಿ. ಹಿಂದೆ ಯಾವುದಾದರೂ ಔಷಧಿಗೆ ಮೈ ತುರಿಸಿತ್ತೇ, ಊದಿತ್ತೇ, ಉಸಿರು ಕಟ್ಟಿತ್ತೇ ಎಂದು ರೋಗಿಯನ್ನೇ ಕೇಳಿ. ಅವರಿಗೆ ಪ್ರಜ್ಞೆಯಿರುವಾಗ ಪಕ್ಕದಲ್ಲಿ ನಿಂತವರ ಉತ್ತರ ನೆಚ್ಚಬೇಡಿ. ಹೆಂಡತಿಗೆ ಗಂಡನ ನಾಲಿಗೆಯ ರುಚಿ ಗೊತ್ತಿರುತ್ತದೆ, ಅವನ ರಕ್ತದ ರುಚಿ ಗೊತ್ತಿರುವುದಿಲ್ಲ ಎಂದು ನಾನು ಹೇಳಿದಾಗ ತರಗತಿ ಪ್ರತಿ ಸಲವೂ ನಗುತ್ತದೆ. ಪ್ರತಿ ಸಲವೂ ನಾನು ನಗು ನಿಲ್ಲುವವರೆಗೆ ಕಾಯುತ್ತೇನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕೊನೆಗೆ ಬಚ್ಚಲಿಗೆ ಬಿದ್ದ ಕಥೆಯನ್ನು ಇನ್ನು ಮುಂದೆ ಓದಿ.

ಮಾವನ ಕನ್ನಡಕದಂಗಡಿಯಲ್ಲಿ ಅವರ ಅಂಗಾಲಿಗೆ ಒಡೆದ ಲೆನ್ಸಿನ ಚೂರು ಹೊಕ್ಕಿತ್ತೆಂದು ಮಾತ್ರ ಮೊದಲು ನಿಮಗೆ ಹೇಳಿದ್ದೆವು. ಅವರು ಅದನ್ನು ಚಿಮಟದಲ್ಲಿ ಕಿತ್ತುಹಾಕಿ, ಮೇಲೆ ಕನ್ನಡಕ ಒರೆಸುವ ಬಟ್ಟೆ ಸುತ್ತಿಕೊಂಡು, ನಮಗೆ ಒಂದು ಮಾತೂ ಹೇಳದೆ ಓಡಾಡಿದ್ದರು. ಮೊನ್ನೆ ಸೋಮವಾರ ಬೆಳಿಗ್ಗೆ ಎದ್ದಾಗ ಕಾಲು ಮೊಣಕಾಲಿನವರೆಗೆ ಕೆಂಪಗೆ ಊದಿ, ಮೈ ಕೆಂಡದ ಹಾಗೆ ಸುಡುತ್ತಿತ್ತು. ನಿಮ್ಮ ತಮ್ಮ ಕೆಲಸದ ಮೇಲೆ ಹೊರಗೆ ಹೋಗಿದ್ದರು. ನಾನೇ ಆಟೋ ಹಿಡಿದು ಕರೆದುಕೊಂಡು ಬಂದೆ, ನನ್ನ ವಾರ್ಡಿನಲ್ಲೇ, ಕಿಟಕಿ ಪಕ್ಕದ ಒಳ್ಳೆಯ ಹಾಸಿಗೆಯನ್ನು ಜಗಳವಾಡಿ ಕೊಡಿಸಿದೆ. ಸಿಸ್ಟರ್ ಮಾವ ಬಂದಿದ್ದಾರೆ ಎಂದು ಎಲ್ಲರೂ ಬಂದು ಮಾತಾಡಿಸಿ ಹೋದರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿತ್ತು. ಮನೆಯವರಿಗೆ ನಮ್ಮ ಕೆಲಸ ಕಾಣುವುದೇ ಅಪರೂಪ. ನಾವು ಬರುವುದು, ಸೊಂಟ ಹಿಡಿದುಕೊಂಡು ಮಲಗುವುದು ಅಷ್ಟೇ ಅವರಿಗೆ ಕಾಣುತ್ತದೆ. ಈವತ್ತು ಮಾವ ನೋಡಲಿ ಎಂದು ಒಳಗೊಳಗೇ ಕುಣಿಯುತ್ತಿದ್ದೆ.

ನಮ್ಮ ವಾರ್ಡಿನಲ್ಲಿ ಒಬ್ಬ ಗಂಡು ನರ್ಸಿದ್ದಾರೆ, ಎಲ್ಲರೂ ಬ್ರದರ್ ಎಂದೇ ಕರೆಯುವುದು. ಬಾಗಿಲು ತುಂಬುವಷ್ಟು ದಪ್ಪ ಆಳು, ಆಮೆಗಿಂತ ನಿಧಾನ. ಒಬ್ಬೊಬ್ಬ ರೋಗಿಯ ಬಳಿ ಕುರ್ಚಿ ಎಳೆದು ಕೂತು ಒಂದೊಂದನ್ನೂ ಕೇಳುತ್ತಾರೆ. ಇದೇನು ಆಸ್ಪತ್ರೆಯೋ ಪೊಲೀಸ್ ಠಾಣೆಯೋ ಎಂದು ನಾನು ರೇಗಿಸಿದ್ದುಂಟು. ಮಾವನನ್ನು ಭರ್ತಿ ಮಾಡಿಕೊಳ್ಳಲು ಬಂದವರು ಅವರೇ. ಹಾಗೇ ಕುರ್ಚಿ ಎಳೆದು ಕೂತು, "ಅಜ್ಜಾ, ಮೊದಲು ಯಾವುದಾದ್ರೂ ಔಷಧಿ ನಿಮಗೆ ಒಗ್ಗದೆ ಹೋಗಿತ್ತಾ?" ಎಂದು ಕೇಳಿದರು. ಮಾವ ಬಾಯಿ ತೆರೆದರು. ಅತ್ತಿಗೆ, ಅವರು ಬಾಯಿ ತೆರೆದಿದ್ದನ್ನು ನಾನು ನೋಡಿದೆ. ದಿಂಬು ಸರಿಮಾಡುತ್ತಾ ಅಲ್ಲೇ ಬಗ್ಗಿದ್ದೆ, ನನ್ನ ಮುಖಕ್ಕೂ ಅವರ ಮುಖಕ್ಕೂ ಒಂದು ಮೊಳ ದೂರವಿರಲಿಲ್ಲ. ಆದರೆ ಮಾವ ಮಾತು ಶುರುಮಾಡುವ ರೀತಿ ನಿಮಗೆ ಗೊತ್ತಲ್ಲ, ಮೊದಲು ಬಾಯಿ ತೆರೆಯುತ್ತಾರೆ, ಒಂದಿಷ್ಟು ಹೊತ್ತು ಮೇಲೆ ನೋಡುತ್ತಾರೆ, ಆಮೇಲೆ ಯಾವ ಕಾಲದಿಂದಲೋ ಕಥೆ ಹೊರಡುತ್ತದೆ. ಆ ಒಂದಿಷ್ಟು ಹೊತ್ತನ್ನು ನಾನು ಕಾಯಲಿಲ್ಲ. "ಏನೂ ಇಲ್ಲ ಬ್ರದರ್, ನಮ್ಮನೆಯವರಲ್ವಾ, ನನಗೆ ಗೊತ್ತಿಲ್ವಾ? ಬರೆದುಕೊಳ್ಳಿ" ಎಂದುಬಿಟ್ಟೆ. ಮಾವ ಬಾಯಿ ಮುಚ್ಚಿಕೊಂಡರು. ಸೊಸೆಗೆ ಗೊತ್ತಿರಬೇಕು ಎಂದುಕೊಂಡರಂತೆ.

ಬ್ರದರ್ ಇನ್ನೂ ಪೆನ್ನು ಹಿಡಿದೇ ಕೂತಿದ್ದರು. ಅವರೇ ಹೇಳಲಿ ಸಿಸ್ಟರ್ ಎಂದೋ ಏನೋ ಗೊಣಗಿದರು. ಡಾಕ್ಟರು ಆಗಲೇ ಔಷಧಿ ಬರೆದಿದ್ದರು, ಪೆನಿಸಿಲಿನ್ ಜಾತಿಯದು. ಸ್ವಂತದವರಿಗೆ ನಾವು ಕೈಯಾರೆ ಇಂಜೆಕ್ಷನ್ ಕೊಡಬಾರದೆಂದು ನಮ್ಮಲ್ಲಿ ಒಂದು ಪದ್ಧತಿಯಿದೆ. ಕೈ ನಡುಗುತ್ತದೆ ಎಂದು ಹೇಳುತ್ತಾರೆ. ನನ್ನ ಕೈ ನಡುಗುವುದಿಲ್ಲ ಎಂದು ತೋರಿಸಬೇಕಾಗಿತ್ತು. ರಕ್ತದ ಸ್ಯಾಂಪಲ್ ತೆಗೆದು ಕಳಿಸಿದೆ. ಪುಡಿ ಕರಗಿಸಿದೆ, ಬೆಳಕಿಗೆ ಹಿಡಿದು ನೋಡಿದೆ, ನಿಧಾನವಾಗಿ ಬಿಟ್ಟೆ. ಪಾಠದಲ್ಲಿ ಹೇಳುವುದನ್ನೆಲ್ಲ ಒಂದೂ ಬಿಡದೆ ಮಾಡಿದೆ, ಕೇಳುವುದೊಂದನ್ನು ಬಿಟ್ಟು. ಮಾವ ನನ್ನ ಕೈಯನ್ನೇ ನೋಡುತ್ತಾ, "ಪರವಾಗಿಲ್ವೇ, ಚುಚ್ಚಿದ್ದೇ ಗೊತ್ತಾಗ್ಲಿಲ್ಲ" ಎಂದು ಪಕ್ಕದ ಹಾಸಿಗೆಯವರಿಗೂ ಕೇಳುವ ಹಾಗೆ ಹೇಳಿದರು.

ಆಗ ಫೋನು ಬಂತು. ನಿಮ್ಮದೇ. ಮೊದಲ ಡೋಸು ಹೋಗುವಾಗ ಕದಲಬೇಡಿ ಎನ್ನುವವಳು ಕದಲಿದೆ. ವಾರ್ಡಿನಲ್ಲಿ ಮಾತಾಡಬಾರದೆಂಬ ಸಭ್ಯತೆ ಬೇರೆ, ಕಾರಿಡಾರಿಗೆ ಬಂದೆ. ಅಪ್ಪ ಹೇಗಿದ್ದಾರೆ ಎಂದು ನೀವು ಅಳುತ್ತಾ ಕೇಳಿದಿರಿ. "ನಾನಿದ್ದೀನಲ್ಲ ಅತ್ತಿಗೆ, ನೀವ್ಯಾಕೆ ಯೋಚನೆ ಮಾಡ್ತೀರಿ" ಎಂದೆ. ನೆನಪಿದೆಯೇ? ಅದಾದ ಮೇಲೆ ಫೋನು ಕಟ್ಟಾಯಿತು, ಸಿಗ್ನಲ್ ಸರಿಯಿಲ್ಲ ಎಂದುಕೊಂಡಿರಿ. ಸಿಗ್ನಲ್ ಸರಿಯಾಗಿಯೇ ಇತ್ತು. ಒಳಗಿನಿಂದ ಬ್ರದರ್ ಕೂಗಿದ್ದರು.

ಓಡಿಬಂದಾಗ ಮಾವ ಎರಡು ಅಂಗೈಯನ್ನೂ ಹಾಸಿಗೆಗೆ ಉಜ್ಜುತ್ತಿದ್ದರು. ತುಟಿ ಊದಿಕೊಂಡು ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು, ಎದೆಯ ಮೇಲೆಲ್ಲ ಕೆಂಪು ದದ್ದು, ಉಸಿರು ಕೊಳಲಿನ ಹಾಗೆ ಸಿಳ್ಳೆ ಹಾಕುತ್ತಿತ್ತು. ಇದು ಏನೆಂದು ನನಗೆ ಗೊತ್ತು, ಇದರ ಚಿತ್ರ ತೋರಿಸಿ ಪಾಠ ಮಾಡಿದ್ದೇನೆ. ಗೊತ್ತಿದ್ದೂ ನಾನು ಫೋನು ಹಿಡಿದುಕೊಂಡು ಮರದ ಗೊಂಬೆಯಂತೆ ನಿಂತೆ. ನಾನು ಆಮೆ ಎಂದು ನಗುತ್ತಿದ್ದ ಆ ಮನುಷ್ಯ ಡ್ರಿಪ್ಪು ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ ಚುಚ್ಚಿ, ಕಾಲು ಎತ್ತರಿಸಿ, ಆಕ್ಸಿಜನ್ ಹಾಕಿ, ಡಾಕ್ಟರನ್ನು ಕೂಗಿ, ಇಷ್ಟನ್ನೂ ನಾನು ಒಂದು ಹೆಜ್ಜೆ ಇಡುವುದರೊಳಗೆ ಮಾಡಿದರು. "ಸಿಸ್ಟರ್, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದರು, ದಾರಿಗೆ ಅಡ್ಡ ನಿಂತ ಯಾರೋ ನೆಂಟರಿಗೆ ಹೇಳುವ ಹಾಗೆ. ಪಕ್ಕಕ್ಕೆ ಬಂದೆ. ನೆಲ ಬಾಯಿ ಬಿಡಬಾರದೇ ಅನಿಸಿತು. ನಿಮ್ಮ ಅಪ್ಪ ಉಳಿದದ್ದು ಅವರಿಂದ, ನನ್ನಿಂದಲ್ಲ ಅತ್ತಿಗೆ. ಎಲ್ಲ ಸೊಸೆಯ ಪುಣ್ಯ ಎಂದು ನೀವು ಊರಿಗೆಲ್ಲ ಹೇಳುತ್ತಿರುವುದನ್ನು ದಯವಿಟ್ಟು ನಿಲ್ಲಿಸಿ.

ಮರುದಿನ ಬೆಳಿಗ್ಗೆ ಮಾವ ದಿಂಬಿಗೆ ಒರಗಿ ಕೂತು ಟೀ ಕುಡಿಯುವಷ್ಟಾಗಿದ್ದರು. ಡಾಕ್ಟರು ಬಂದು, ಹಿಂದೆ ಎಂದಾದರೂ ಹೀಗಾಗಿತ್ತೇ ಎಂದು ಕೇಳಿದರು. ಮಾವ ಬಾಯಿ ತೆರೆದರು, ಮೇಲೆ ನೋಡಿದರು, ಕಥೆ ಹೊರಟಿತು. ಮದುವೆಗೆ ಮುಂಚೆ ದವಡೆ ಹಲ್ಲು ಕೀಳಿಸಿದಾಗ ಪೆನಿಸಿಲಿನ್ ಚುಚ್ಚಿದರಂತೆ, ಮುಖ ಕುಂಬಳಕಾಯಿಯ ಹಾಗೆ ಊದಿ, ಉಸಿರು ನಿಂತೇಹೋಗಿತ್ತಂತೆ, ಚುಚ್ಚಿದ ಕಾಂಪೌಂಡರು ಎಡಗೈಗೆ ಗಡಿಯಾರ ಕಟ್ಟುವುದನ್ನು ಬಿಟ್ಟು ಬಲಗೈಗೆ ಕಟ್ಟುತ್ತಿದ್ದನಂತೆ. ಅಷ್ಟೂ ನೆನಪು. ನಮ್ಮ ಅತ್ತೆಗೆ ಮಾತ್ರ ಈ ಸಂಗತಿ ಗೊತ್ತಿತ್ತಂತೆ, ಅವರು ಹೋಗಿ ಎಷ್ಟು ಕಾಲವಾಯಿತು. ಡಾಕ್ಟರಿಗೆ ಸಿಟ್ಟು ಬಂತು. ಇಷ್ಟೆಲ್ಲ ಗೊತ್ತಿದ್ದವರು ಭರ್ತಿಯಾಗುವಾಗ ಕೇಳಿದರೆ ಯಾಕೆ ಹೇಳಲಿಲ್ಲ ಎಂದರು. ನಾನು ಬಿ.ಪಿ. ನೋಡುವ ಪಟ್ಟಿಯನ್ನು ಕೈಯಲ್ಲಿ ಸುತ್ತುತ್ತಾ ಕಾಲ ಬಳಿ ನಿಂತಿದ್ದೆ. ಬ್ರದರ್ ಕಿಟಕಿಯ ಬಳಿ ಇದ್ದರು. ಮಾವ ನನ್ನ ಕಡೆ ಒಂದು ಸಲ ನೋಡಿದರು, ಆಮೇಲೆ ಡಾಕ್ಟರ ಕಡೆ ತಿರುಗಿ, "ಕೇಳಿದ್ರು ಡಾಕ್ಟ್ರೇ, ಕೇಳ್ದೆ ಇರ್ತಾರಾ? ನನಗೇ ಮರೆತುಹೋಯ್ತು. ವಯಸ್ಸಾಯ್ತಲ್ಲ" ಎಂದು ಹಲ್ಲು ಕಿರಿದರು.

ಅದು ನಾನು ಮಾತಾಡಬೇಕಾದ ಗಳಿಗೆ. ಪಟ್ಟಿಯನ್ನು ಇನ್ನೊಂದು ಸುತ್ತು ಸುತ್ತಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನದು ಕದ್ದ ಬಂಗಾರ. ಡಾಕ್ಟರು ಹೋದ ಮೇಲೆ ಬ್ರದರ್ ನನ್ನನ್ನು ದಾಟಿ ಹೋಗುವಾಗ, "ದೊಡ್ಡ ಮನುಷ್ಯರು ನಿಮ್ಮ ಮಾವ" ಎಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರವಾಗುತ್ತಿದ್ದೆ.

ಮಾವನಿಗೆ ಮರೆವು! ನೀವೇ ಯೋಚಿಸಿ ನೋಡಿ. ಅಂಗಡಿಯ ಮುಂದೆ ಯಾರೇ ಹಾದುಹೋದರೂ ಮುಖಕ್ಕಿಂತ ಮೊದಲು ಅವರ ಕಣ್ಣಿನ ನಂಬರು ಹೇಳುವವರು ಅವರು. ನಾನು ಕಾಲೇಜಿನಲ್ಲಿದ್ದಾಗ ಕನ್ನಡಕಕ್ಕೆಂದು ಒಮ್ಮೆ ಹೋಗಿದ್ದೆ, ಆಮೇಲೆ ನಿಮ್ಮ ತಮ್ಮನನ್ನು ಕಟ್ಟಿಕೊಂಡು ಸೊಸೆಯಾಗಿ ಬಂದಾಗ ಹೊಸ್ತಿಲಲ್ಲೇ, "ಬಲಗಣ್ಣು ಮೈನಸ್ ಒಂದೂಮುಕ್ಕಾಲು, ಎಡಗಣ್ಣು ಒಂದೂವರೆ, ಅಲ್ವೇನಮ್ಮ? ಫ್ರೇಮು ಸಡಿಲ ಆಗಿದೆ, ಕೊಡು" ಎಂದು ಕೈ ಚಾಚಿದವರು. ಮದುಮಗಳ ಮುಖದಿಂದ ಕನ್ನಡಕ ಕಿತ್ತುಕೊಂಡ ಮಾವ ಲೋಕದಲ್ಲಿ ಇನ್ನೊಬ್ಬರಿಲ್ಲ ಎಂದು ನೀವು ಬಿದ್ದು ಬಿದ್ದು ನಕ್ಕಿದ್ದಿರಿ. ಅಂಥವರು ಮರೆತೆ ಎಂದರೆ ನಾವೆಲ್ಲ ನಂಬಿದೆವು. ನಾನು ನಂಬಿದ ಹಾಗೆ ನಟಿಸಿದೆ, ನೀವು ಮತ್ತು ನಿಮ್ಮ ತಮ್ಮ ನಿಜವಾಗಿಯೇ ನಂಬಿದಿರಿ. ತಲೆ ನರೆತವರು ಮರೆತೆ ಅಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ ನೋಡಿ.

ಅಂದು ಸಂಜೆ ನೀವು ಅವರಿಗೆ ಫೋನಿನಲ್ಲಿ ಮಂಗಳಾರತಿ ಮಾಡಿದಿರಿ. ಜೀವದ ವಿಷಯ ಮರೀತೀರಲ್ಲ ಅಪ್ಪ, ನಾಳೆ ಅಂಗಡಿಯಲ್ಲಿ ಫ್ರೇಮು ಬಗ್ಗಿಸುವ ಸ್ಪಿರಿಟ್ ದೀಪ ಹಚ್ಚಿಟ್ಟು ಮರೀತೀರಿ, ರಸ್ತೆ ಮರೀತೀರಿ, ನಮ್ಮನ್ನು ಮರೀತೀರಿ ಎಂದಿರಿ. ಮಾವ ಫೋನನ್ನು ಕಿವಿಯಿಂದ ದೂರ ಹಿಡಿದು ನನಗೆ ಕಣ್ಣು ಮಿಟುಕಿಸಿದರು. ಅವರ ಕೈಗೆ ಅಲರ್ಜಿಯ ಕೆಂಪು ಪಟ್ಟಿ ಹಾಕಿದ್ದರು. ಈ ವಯಸ್ಸಿನಲ್ಲಿ ನನಗೆ ಬಳೆ ತೊಡಿಸಿದಿರಾ ಎಂದು ಬ್ರದರ್ ಜೊತೆ ತಮಾಷೆ ಮಾಡಿದ್ದರು. ತಮಾಷೆ ಅಲ್ಲಿಗೆ ಮುಗಿಯಿತು. ನೀವೂ ನಿಮ್ಮ ತಮ್ಮನೂ ಸೇರಿ ತೀರ್ಮಾನ ಮಾಡಿದಿರಿ: ಅಂಗಡಿ ಮುಚ್ಚುವುದು, ನಿಮ್ಮ ಯಜಮಾನರ ಪರಿಚಯದವರಿಗೆ ಅದನ್ನು ಬಿಟ್ಟುಕೊಡುವುದು, ಮುಂದಿನ ಭಾನುವಾರ ನೀವು ಬಂದು ಅವರನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗುವುದು, ಅದಕ್ಕೆ ಮೊದಲು ಬರುವ ಸೋಮವಾರ ಜ್ಞಾಪಕಶಕ್ತಿಯ ಡಾಕ್ಟರಿಗೆ ತೋರಿಸುವುದು. ನಿಮ್ಮ ತಮ್ಮ ಹಾಸಿಗೆಯ ಬಳಿ ಬಂದು ಅಂಗಡಿಯ ಬೀಗದ ಕೈ ಕೇಳಿದರು. ಮಾವ ದಿಂಬಿನ ಕೆಳಗಿಂದ ತೆಗೆದು ಕೊಟ್ಟರು. ಕೊಡುವ ಮುಂಚೆ ತಮ್ಮ ಅಂಗಿಯ ತುದಿಯಿಂದ ಅದನ್ನು ಒರೆಸಿದರು, ಗಿರಾಕಿಗೆ ಕನ್ನಡಕ ಕೊಡುವಾಗ ಒರೆಸುವ ಹಾಗೆ. ನಾನು ಗ್ಲುಕೋಸ್ ಬಾಟಲಿ ನೋಡುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಯಾರೂ ಇಲ್ಲದಾಗ ಅವರನ್ನು ಕೇಳಿದೆ, ಯಾಕೆ ಮಾವ ಹಾಗೆ ಹೇಳಿದಿರಿ ಎಂದು. "ನೀನು ಕೇಳ್ಲಿಲ್ಲ ಅಂದ್ರೆ ನಿನ್ನ ಕೆಲಸ ಹೋಗುತ್ತೆ. ನಾನು ಮರೆತೆ ಅಂದ್ರೆ ನನಗೇನು ಹೋಗುತ್ತೆ?" ಎಂದರು. ಹೋಗುವುದು ಏನೆಂದು ಆಗಲೇ ಗೊತ್ತಾಗಿತ್ತು, ಇಬ್ಬರಿಗೂ. ಸ್ವಲ್ಪ ಹೊತ್ತಿನ ಮೇಲೆ, "ಎದುರುಗಡೆ ಹಾಸಿಗೆಯವನಿಗೆ ಪ್ಲಸ್ ಎರಡೂವರೆ ಬೇಕು, ಒಂದೂವರೆ ಹಾಕ್ಕೊಂಡಿದ್ದಾನೆ. ಪೇಪರ್ ಅಷ್ಟು ದೂರ ಹಿಡಿದಿದ್ದಾನೆ ನೋಡು" ಎಂದು ಮೆಲ್ಲಗೆ ಹೇಳಿದರು, ಯಾರಿಗಾದರೂ ಕೇಳಿಸಿದರೆ ಮರೆವಿನ ಸುಳ್ಳು ಬಯಲಾದೀತು ಎಂಬ ಹೆದರಿಕೆ. ತಮಗೆ ಗೊತ್ತಿರುವುದನ್ನು ಕದ್ದು ಹೇಳುವ ಗತಿ ಅವರಿಗೆ ತಂದವಳು ನಾನು. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದೆ. ಹಾಗಲ್ಲ. ಈಗ ವಾರ್ಡಿನಲ್ಲಿ ಯಾರಿಗಾದರೂ "ಅಲರ್ಜಿ ಇದೆಯಾ?" ಎಂದು ಕೇಳಲು ಹೋದರೆ ಕೇಳುವ ಯೋಗ್ಯತೆ ನಿನಗೆಲ್ಲಿದೆ ಎಂದು ಒಳಗಿಂದ ಯಾರೋ ಕೇಳಿದ ಹಾಗಾಗುತ್ತದೆ. ಆದರೂ ಕೇಳುತ್ತೇನೆ. ಎರಡೆರಡು ಸಲ ಕೇಳುತ್ತೇನೆ, ರೋಗಿಗಳು ರೇಗುವವರೆಗೂ.

ಇದನ್ನು ಓದಿ ನೀವು ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ, ಅದು ಕಡಿಮೆಯೇ. ಒಂದೇ ಬೇಡಿಕೆ. ಅಂಗಡಿ ಮುಚ್ಚಬೇಡಿ, ಅವರನ್ನು ಅಲ್ಲಿಂದ ಕೀಳಬೇಡಿ. ಮತ್ತೆ, ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ಕಾರಣ ಯಾರಿಗೂ ಹೇಳಬೇಡಿ. ನಿಮ್ಮ ತಮ್ಮನಿಗೂ ಬೇಡ. ನಿಮ್ಮ ಮನೆಯಲ್ಲಿ ಜಾಗ ಇಲ್ಲ, ಮಗಳ ಓದಿಗೆ ತೊಂದರೆ, ಹೀಗೆ ಏನಾದರೂ ನೆಪ ಹೇಳಿ. ಹತ್ತು ನೆಪ ಹೇಳುವ ಚಾತುರ್ಯ ನಿಮಗಿದೆ. ಆಸ್ಪತ್ರೆಯಲ್ಲಿ ಗೊತ್ತಾದರೆ ನನ್ನ ಗತಿ ಏನು? ಪಾಠ ಹೇಳಿಸಿಕೊಂಡವರ ಎದುರು ಮುಖ ಎಲ್ಲಿಟ್ಟುಕೊಳ್ಳಲಿ? ತಪ್ಪೊಪ್ಪಿಕೊಳ್ಳುವ ಕಾಗದದಲ್ಲೂ ಕೊನೆಗೆ ನನ್ನ ಚರ್ಮ ಉಳಿಸಿಕೊಳ್ಳುವ ಮಾತೇ ಬಂತು ನೋಡಿ. ಅದಕ್ಕೂ ನಾಚಿಕೆಯಾಗುತ್ತಿದೆ, ಆದರೆ ಹೊಡೆದುಹಾಕಲು ಧೈರ್ಯವಿಲ್ಲ.

ಮಂಡಿಯನ್ನು ಜೋಪಾನ ಮಾಡಿ. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ. ಮಗಳಿಗೆ ಅತ್ತೆಯ ಮುತ್ತು, ಅವಳು ಈ ಕಾಗದವನ್ನು ನೋಡದ ಹಾಗೆ ಇಡಿ, ಅವಳೂ ನರ್ಸಿಂಗ್ ಓದುತ್ತೇನೆ ಎನ್ನುತ್ತಿದ್ದಳಲ್ಲ, ಆ ಆಸೆ ನನ್ನಿಂದ ಕೆಡುವುದು ಬೇಡ. ದೊಡ್ಡವರು ನೀವು, ಬೈದಾದರೂ ಸರಿ, ಕೈ ಬಿಡಬೇಡಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ
(ನಿಮ್ಮ ತಂಗಿ ಎಂದು ಹಾಕುವ ರೂಢಿ; ಈ ಸಲ ನೀವು ಒಪ್ಪಿದ ಮೇಲೆ)

ಮರೆತ ಮಾತು: ಸೋಮವಾರ ಸಂಜೆ. ಲಕೋಟೆ ಒಡೆದು ಮತ್ತೆ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ, ಅಂಚೆ ಡಬ್ಬಿ ತೆರೆಯುವವನು ಬರುವ ಹೊತ್ತು. ಶುಕ್ರವಾರದಿಂದ ಈ ಕಾಗದ ನನ್ನ ಚೀಲದಲ್ಲೇ ಇತ್ತು. ಇವತ್ತು ಆಸ್ಪತ್ರೆಯಿಂದ ಬಿಡಿಸಿಕೊಂಡು, ಹಾಗೇ ಮಾವನನ್ನು ಆ ಜ್ಞಾಪಕಶಕ್ತಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆವು, ನಿಮ್ಮ ತಮ್ಮನೂ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತಾಗಲೇ ಮಾವ ಬಾಗಿಲ ಸಂದಿಯಿಂದ ನೋಡಿ ನನ್ನ ಕಿವಿಯಲ್ಲಿ, ಆ ಡಾಕ್ಟರ ಕನ್ನಡಕದ ಬಲಗಡೆ ಗಾಜು ಓರೆ ಕೂತಿದೆ ಎಂದಿದ್ದರು. ಒಳಗೆ ಹೋದೆವು. ಡಾಕ್ಟರು ಮರ, ಬೀಗ, ಕುದುರೆ ಎಂದು ಮೂರು ಮಾತು ಹೇಳಿ, ನೆನಪಿಟ್ಟುಕೊಳ್ಳಿ ಎಂದರು. ಇವತ್ತು ಯಾವ ವಾರ ಎಂದು ಕೇಳಿದರು. ಮಾವ ನನ್ನ ಕಡೆ ನೋಡಿದರು. "ಗುರುವಾರ ಇರ್ಬೇಕು" ಎಂದರು. ಆ ಮೂರು ಮಾತು ಯಾವುವು ಎಂದು ಕೇಳಿದರೆ, "ಮೂರು ಹೇಳಿದ್ರಾ? ಎರಡಲ್ವಾ?" ಎಂದು ತಲೆ ಕೆರೆದುಕೊಂಡರು. ಬೇಕೆಂದೇ, ಅತ್ತಿಗೆ. ನನಗೋಸ್ಕರ ಬೇಕೆಂದೇ ಫೇಲಾಗುತ್ತಿದ್ದರು. ಡಾಕ್ಟರು ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡರು. ನಿಮ್ಮ ತಮ್ಮ ಕಣ್ಣೊರೆಸಿಕೊಂಡರು. ನನ್ನಿಂದ ಆಗಲಿಲ್ಲ. "ಡಾಕ್ಟ್ರೇ, ಬರೀಬೇಡಿ. ಅವರಿಗೆ ಎಲ್ಲಾ ನೆನಪಿದೆ. ಅವತ್ತು ಅವರು ಮರೆಯಲಿಲ್ಲ, ಅವರ ಬದಲು ನಾನು ಉತ್ತರ ಹೇಳಿದೆ" ಎಂದುಬಿಟ್ಟೆ. ಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನೋಡಿ ಡಾಕ್ಟ್ರೇ, ಮತ್ತೆ ಅದೇ! ಪ್ರಶ್ನೆ ಕೇಳೋದು ನನ್ನನ್ನ, ಉತ್ತರ ಹೇಳೋದು ಇವಳು" ಎಂದು ಕೋಲು ಕುಟ್ಟಿದರು. ಆಮೇಲೆ ಬಾಯಿ ತೆರೆದು ಮೇಲೆ ನೋಡಿದರು. ನಾವು ಮೂವರೂ ಕಾದೆವು. "ಸೋಮವಾರ. ಮರ, ಬೀಗ, ಕುದುರೆ" ಎಂದು, ನಿಮ್ಮ ತಮ್ಮನ ಮುಂದೆ ಅಂಗೈ ಚಾಚಿದರು.

ಬೀಗದ ಕೈ ಅವರ ಹತ್ತಿರವಿದೆ. ಮಾವನನ್ನು ಮನೆ ಮುಟ್ಟಿಸಿ ನೇರ ಮೇಟ್ರನ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ವಿಚಾರಣೆ ಮುಗಿಯುವವರೆಗೆ ವಾರ್ಡಿಗೆ ಬರಬೇಡ ಎಂದಿದ್ದಾರೆ, ಪಾಠ ಇನ್ನು ಬ್ರದರ್ ಹೇಳುತ್ತಾರೆ. ನಿಮ್ಮ ತಮ್ಮ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಹಾಗಾಗಿ ಮೇಲೆ ನಾನು ಬೇಡಿದ ನೆಪಗಳು ಬೇಕಾಗಿಲ್ಲ, ಆ ಸಾಲುಗಳನ್ನು ಓದಿಲ್ಲ ಎಂದುಕೊಳ್ಳಿ. ಭಾನುವಾರ ಬನ್ನಿ, ಖಂಡಿತ ಬನ್ನಿ, ಆದರೆ ಕರೆದುಕೊಂಡು ಹೋಗಲು ಅಲ್ಲ. ನಿಮ್ಮ ಮನೆಗೆ ಬರುತ್ತಾರೋ ಇಲ್ಲವೋ ಎಂದು ಅವರನ್ನೇ ಕೇಳಿ, ಕೇಳಿದ ಮೇಲೆ ಫೋನಿನಲ್ಲಿ ಒಂದಿಷ್ಟು ಹೊತ್ತು ಸುಮ್ಮನಿರಿ.

ಇನ್ನೊಂದು. ಮನೆಗೆ ಬಂದಾಗ ಮಾವ ಮೆಟ್ಟಿಲ ಬಳಿ ನನ್ನ ಭುಜ ಹಿಡಿದುಕೊಂಡು ನಿಂತರು. "ಅಲ್ಲಮ್ಮಾ, ನಾನು ಅಷ್ಟು ಚೆನ್ನಾಗಿ ಮರೀತಾ ಇದ್ದೆ. ಯಾಕೆ ಕೆಡಿಸಿದೆ?" ಎಂದರು. "ಒಳ್ಳೇ ಕಾಲು ಮೊದಲು, ಮಾವ" ಎಂದು ಮೆಟ್ಟಿಲು ಹತ್ತಿಸಿದೆ.